ಕೀಲ್ ಎತ್ತುವ ತಂತಿ

ಕೀಲ್‌ಗೆ ಬೋಲ್ಟು ಹಾಕಿಬಿಡೋಣ ಎಂದು ಸಾವ್ಕಾರರು ಮೊದಲ ಸಲ ಹೇಳಿದ್ದು ಜನವರಿಯ ಕೊನೆಯ ಭಾನುವಾರ. ನಾಸಿಕದ ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಕೂತು ನಾವು ಮಿಸಳ ತಿನ್ನುತ್ತಿದ್ದೆವು. ಅವರ ಹಾಯಿದೋಣಿ ಎದುರಿಗೇ ತೇಲುತ್ತಿತ್ತು.

“ಎರಡು ಬೋಲ್ಟು. ಅರ್ಧ ಇಳಿದಲ್ಲೇ ಫಿಟ್ ಮಾಡಿ ಬಿಡಮು. ಎತ್ತೋದೂ ಬ್ಯಾಡ, ಇಳಸೋದೂ ಬ್ಯಾಡ. ನಿನಗೂ ತ್ರಾಸ್ ಇಲ್ಲ, ನನಗೂ ತ್ರಾಸ್ ಇಲ್ಲ.”

“ನನಗೇನ್ ತ್ರಾಸ್ ಇಲ್ರಿ,” ಎಂದೆ.

“ನನಗದ,” ಎಂದು ಅವರು ಪಾವ್ ಮುರಿದು ಬಾಯಿಗೆ ಹಾಕಿಕೊಂಡರು.

ಅಲ್ಲಿಗೆ ಮಾತು ನಿಂತಿತು. ನಾನು ಮಿಸಳ ಅರ್ಧಕ್ಕೇ ಬಿಟ್ಟು ಎದ್ದೆ.

ಕೀಲ್ ಎಂದರೆ ದೋಣಿಯ ತಳದಿಂದ ನೀರಿನೊಳಗೆ ಇಳಿಯುವ ಕಬ್ಬಿಣದ ದಪ್ಪ ಹಲಗೆ. ಗಾಳಿ ಹಾಯಿಯನ್ನು ನೂಕಿದಾಗ ದೋಣಿ ಮಗುಚದಂತೆ, ಪಕ್ಕಕ್ಕೆ ಜಾರಿ ಹೋಗದಂತೆ ಹಿಡಿಯುವುದು ಅದೇ. ಈ ದೋಣಿಯ ಕೀಲ್ ಎರಡು ಕ್ವಿಂಟಲ್‌ಗಿಂತ ಹೆಚ್ಚು ತೂಗುತ್ತದೆ. ಮುಂದಿನ ತುದಿಯಲ್ಲಿ ಒಂದು ದಪ್ಪ ಗೂಟದ ಮೇಲೆ ತಿರುಗುತ್ತದೆ. ಹಿಂದಿನ ತುದಿಗೆ ಉಕ್ಕಿನ ತಂತಿಹಗ್ಗ ಕಟ್ಟಿದೆ. ಆ ತಂತಿ ಅಂಗೈಯಷ್ಟು ಅಗಲದ ಒಂದು ಗಾಲಿಯ ಮೇಲೆ ಬಾಗಿ ಕ್ಯಾಬಿನ್ನಿನೊಳಗೆ ಹಗ್ಗ ಸುತ್ತುವ ವಿಂಚಿಗೆ ಬರುತ್ತದೆ. ಹ್ಯಾಂಡಲ್ ತಿರುಗಿಸಿದರೆ, ಮಡಚುವ ಚಾಕುವಿನ ಅಲಗು ಹಿಡಿಯೊಳಗೆ ಸೇರುವ ಹಾಗೆ, ಕೀಲ್ ದೋಣಿಯ ಹೊಟ್ಟೆಯೊಳಗಿನ ಕಿರಿದಾದ ಪೆಟ್ಟಿಗೆಯೊಳಗೆ ಸೇರುತ್ತದೆ. ಆಗ ದೋಣಿ ಮೊಣಕಾಲುದ್ದ ನೀರಿಗೂ ಬರುತ್ತದೆ, ಟ್ರೇಲರ್ ಮೇಲೂ ಕೂರುತ್ತದೆ.

ಪೂರ್ತಿ ಎತ್ತಲು ನಲವತ್ತೆರಡು ಸುತ್ತು. ನೀರಿನೊಳಗೆ ಕೀಲ್ ಕಾಣುವುದಿಲ್ಲ. ಅದು ಎಲ್ಲಿದೆ ಎಂದು ತಿಳಿಯಲು ಸುತ್ತು ಎಣಿಸುವುದೊಂದೇ ದಾರಿ. ಎಣಿಸುವ ಚಟ ನನಗೆ ಮೊದಲಿನಿಂದಲೂ ಇದೆ. ದಿನಚರಿ ಬರೆಯುತ್ತೇನೆ, ತಾರೀಖು ಹಾಕುತ್ತೇನೆ, ಇಂದು ಎಷ್ಟು ಎಂದು ಲೆಕ್ಕವಿಡುತ್ತೇನೆ. ಅಂಬಡ್‌ನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ವಾಹನದ ಬಿಡಿಭಾಗಗಳನ್ನು ಅಳೆದು ಒಪ್ಪಿಸುವುದು ನನ್ನ ನೌಕರಿ. ಅಲ್ಲಿ ಈ ಚಟಕ್ಕೆ ಸಂಬಳ ಸಿಗುತ್ತದೆ. ದೋಣಿಯಲ್ಲಿ ಸಿಗುವುದು ಬೇರೆ.

ಏನು ಸಿಗುತ್ತದೆ ಎಂದು ಹೇಳಬೇಕು. ಆ ದಂಡೆಯ ಗೇಟಿನಲ್ಲಿ ಬೋಟ್ ಕ್ಲಬ್ಬಿನ ಸದಸ್ಯರನ್ನೂ ಅವರ ಕೆಲಸದವರನ್ನೂ ಬಿಟ್ಟು ಯಾರನ್ನೂ ನೀರಿನ ಬಳಿ ಬಿಡುವುದಿಲ್ಲ. ಸದಸ್ಯತ್ವ ನನ್ನಂಥವರ ಮಾತಲ್ಲ. ನನ್ನ ಕೊರಳಲ್ಲಿ ನೇತಾಡುವ ಪಾಸಿನ ಮೇಲೆ ‘ಮೆಕ್ಯಾನಿಕ್’ ಎಂದಿದೆ. ಕೀಲ್ ಎತ್ತಲು, ಇಳಿಸಲು, ಸರಿಯಾಗಿಡಲು ಒಬ್ಬರು ಬೇಕು, ಅದಕ್ಕೆ ನಾನು. ಮೊದಲ ವರ್ಷ ಹ್ಯಾಂಡಲ್ ತಿರುಗಿಸಿ ಕ್ಯಾಬಿನ್ನಿನಲ್ಲೇ ಕೂತಿದ್ದೆ. ಎರಡನೇ ವರ್ಷ ಸಾವ್ಕಾರರು ಹಾಯಿಯ ಹಗ್ಗ ಕೈಗೆ ಕೊಟ್ಟರು. ಈಗ ಮರಳುವ ದಾರಿಯಲ್ಲಿ ಚುಕ್ಕಾಣಿ ನನ್ನದು. ಗಾಳಿ ಹಿಡಿದು ದೋಣಿ ಓರೆಯಾದಾಗ ಕೀಲ್ ಕೆಳಗಿನಿಂದ ಗಟ್ಟಿಯಾಗಿ ಹಿಡಿದದ್ದು ಅಂಗಾಲಿಗೆ ತಿಳಿಯುತ್ತದೆ. ಅಂಬಡ್‌ನ ಬಾಡಿಗೆ ಕೋಣೆಗಳ ಸಾಲಿನಲ್ಲಿ ಹುಟ್ಟಿ ಬೆಳೆದವಳಿಗೆ ಆ ಓರೆ ಇನ್ನೆಲ್ಲೂ ಸಿಗುವುದಿಲ್ಲ. ಕೀಲ್‌ಗೆ ಬೋಲ್ಟು ಬಿದ್ದರೆ ವಿಂಚ್ ಇಲ್ಲ, ವಿಂಚ್ ಇಲ್ಲದಿದ್ದರೆ ಮೆಕ್ಯಾನಿಕ್ ಇಲ್ಲ. ಗೇಟಿನ ಹೊರಗೆ ನಾನು.

ಸಾವ್ಕಾರರು ಬೀದರ ಕಡೆಯವರು. ಪಂಚವಟಿ ದಾಟಿದ ಮೇಲಿನ ರಸ್ತೆಯಲ್ಲಿ ಅವರ ಪಂಪ್‌ಸೆಟ್ ಅಂಗಡಿ ಇದೆ. ಅಂಗಡಿಯನ್ನು ಮಗನಿಗೆ ಒಪ್ಪಿಸಿದ ವರ್ಷ, ಮುಂಬಯಿಯಲ್ಲಿ ಯಾರೋ ಮಾರುತ್ತಿದ್ದ ಈ ಹಳೆಯ ದೋಣಿಯನ್ನು ಕೊಂಡು, ಇಗತಪುರಿಯ ಮಳೆಯಲ್ಲಿ ಘಾಟು ಹತ್ತಿಸಿ ತಂದರು. ಜೀವಮಾನವೆಲ್ಲ ನೀರು ಎತ್ತುವ ಯಂತ್ರ ಮಾರಿದವನು ಒಮ್ಮೆಯಾದರೂ ನೀರಿನ ಮೇಲೆ ಕೂರಬೇಕಲ್ಲ ಎನ್ನುತ್ತಾರೆ. ನನ್ನನ್ನು ಅವರಿಗೆ ಗೊತ್ತು ಮಾಡಿಸಿದ್ದು ನನ್ನ ಸೋದರಮಾವ.

ಮಾಮಾ ಕಲಬುರ್ಗಿ ಜಿಲ್ಲೆಯಿಂದ ಬಂದು ಮಹಾರಾಷ್ಟ್ರದ ತುಂಬ ಬಾವಿ ತೋಡಿದವರು. ಅವರದು ಯಾರಿಯ ಕೆಲಸ. ಬಾವಿಯ ಅಂಚಿನಲ್ಲಿ ನಿಲ್ಲಿಸುವ ಉದ್ದ ಕೈಯ ಕ್ರೇನಿಗೆ ಎರಡೂ ರಾಜ್ಯಗಳಲ್ಲಿ ಹಾಗೇ ಅನ್ನುತ್ತಾರೆ. ಒಡೆದ ಕಲ್ಲನ್ನು ದೊಡ್ಡ ಬುಟ್ಟಿಯಲ್ಲಿ ತುಂಬಿ ತಂತಿಯಿಂದ ಮೇಲೆತ್ತುವುದು ಅದರ ಕೆಲಸ. ಅದೇ ತಂತಿಯಲ್ಲಿ ಜನರೂ ಇಳಿಯುತ್ತಾರೆ, ಹತ್ತುತ್ತಾರೆ. ಮೊದಲು ನಾಸಿಕದ ದ್ರಾಕ್ಷಿ ತೋಟಗಳಲ್ಲಿ ತೋಡುತ್ತಿದ್ದರು. ತೋಡಿದ ಬಾವಿಗೆ ಸಾವ್ಕಾರರ ಅಂಗಡಿಯ ಪಂಪು ಬರುತ್ತಿತ್ತು. ಈಗ ಅವರ ಗುಂಪು ಸಂಭಾಜಿನಗರದ ಸುತ್ತಲಿನ ಹಳ್ಳಿಗಳಲ್ಲಿದೆ. ಇಷ್ಟು ಬಾವಿ ತೋಡಿದ ಮಾಮಾನಿಗೆ ಈಜು ಬಾರದು. “ನೀರು ಬಂದ ದಿನ ನಮ್ಮ ಕೆಲಸ ಮುಗೀತದ. ಮತ್ತ ಈಜು ಯಾಕ ಬೇಕು?” ಎನ್ನುತ್ತಾರೆ.

ವಿಂಚ್ ನೋಡಿಕೊಳ್ಳುವುದನ್ನು ನಾನು ಕಲಿತದ್ದು ಮಾಮಾನಿಂದ. ಡಿಪ್ಲೊಮಾದಲ್ಲಿ ಕಲಿಸಿದ್ದೂ ಉಪಯೋಗಕ್ಕೆ ಬಂದಿದೆ, ಇಲ್ಲ ಎನ್ನುವುದಿಲ್ಲ. ಆದರೆ ತಂತಿಯನ್ನು ಕೈಯಲ್ಲಿ ಹಿಡಿದು ನೋಡುವ ರೀತಿ ಯಾರಿಯವರದು. ಯಾರಿಯವರು ಅಮಾವಾಸ್ಯೆಯ ದಿನ ಬಾವಿಗೆ ಇಳಿಯುವುದಿಲ್ಲ. ಯಂತ್ರಕ್ಕೆ ಪೂಜೆ ಮಾಡಿ, ತೆಂಗಿನಕಾಯಿ ಒಡೆದು, ಆಮೇಲೆ ತಂತಿಯನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಚಾಚುತ್ತಾರೆ. ಹಳೆಯ ಧೋತರದ ತುಂಡನ್ನು ತಂತಿಗೆ ಸುತ್ತಿ, ಮುಷ್ಟಿಯಲ್ಲಿ ಹಿಡಿದು, ಈ ತುದಿಯಿಂದ ಆ ತುದಿಗೆ ಎಳೆಯುತ್ತ ಹೋಗುತ್ತಾರೆ. ತಂತಿಹಗ್ಗದೊಳಗಿನ ಒಂದು ಎಳೆ ಮುರಿದಿದ್ದರೂ ಅದು ಸೂಜಿಯ ಹಾಗೆ ಹೊರಗೆ ಚಾಚಿ ಬಟ್ಟೆಯನ್ನು ಹಿಡಿಯುತ್ತದೆ. ಒಂದು ಗೇಣಿನೊಳಗೆ ಮೂರು ಕಡೆ ಹಿಡಿದರೆ ಆ ತಂತಿಯನ್ನು ಅಲ್ಲೇ ಕಡಿದು ಹಾಕುತ್ತಾರೆ. ಮತ್ತೆ ಯಾರಾದರೂ ಮೋಹಕ್ಕೆ ಬಿದ್ದು ಅದನ್ನು ಬಳಸಬಾರದೆಂದು. ಈ ನಿಯಮ ಎಂದಿನಿಂದ ಬಂತು ಎಂದು ಕೇಳಿದರೆ ಮಾಮಾ ಬೀಡಿ ಹಚ್ಚುತ್ತಾರೆ.

ದೋಣಿಗೂ ನಾನು ಅದೇ ನಿಯಮ ಇಟ್ಟಿದ್ದೇನೆ. ಅಮಾವಾಸ್ಯೆ ವಾರದ ನಡುವೆ ಬಂದರೆ ಪಾಳಿ ಬದಲಾಯಿಸಿಕೊಳ್ಳುತ್ತೇನೆ. ಕಾರ್ಖಾನೆಯ ಸೂಪರ್‌ವೈಸರ್ ಒಮ್ಮೆ, “ಪ್ರತಿ ಅಮಾವಾಸ್ಯೆಗೂ ನಿಮ್ಮನೆಯಲ್ಲಿ ಏನು ಪೂಜೆ?” ಎಂದು ಮರಾಠಿಯಲ್ಲಿ ಕೇಳಿದರು. ದೊಡ್ಡ ಪೂಜೆ, ಮೈಯೆಲ್ಲ ಎಣ್ಣೆಯಾಗುತ್ತದೆ ಎಂದೆ. ಸುಳ್ಳೇನಲ್ಲ. ಅಂದು ದೋಣಿಯನ್ನು ಟ್ರೇಲರ್‌ಗೆ ಹತ್ತಿಸಿ, ಕೀಲ್ ಕೆಳಗೆ ಮರದ ದಿಮ್ಮಿ ಕೊಟ್ಟು, ಪೆಟ್ಟಿಗೆಯೊಳಗೆ ಸಿಕ್ಕಿದ ನೀರಿನ ಮೇಲೆ ತೇಲುವ ಜಲಪರ್ಣಿ ಕಳೆಯ ಬೇರು, ಶಂಖದ ಹುಳು, ಮಳೆಗಾಲದ ಕೆಂಪು ಕೆಸರು ಎಲ್ಲವನ್ನೂ ಬಿದಿರಿನ ಸೀಳಿನಿಂದ ಕೆರೆದು ತೆಗೆಯುತ್ತೇನೆ. ತಿರುಗುವ ಗೂಟದಲ್ಲಿ ಸಡಿಲವಿದೆಯೇ ಎಂದು ಕೀಲ್ ಅನ್ನು ಅಲುಗಿಸಿ ನೋಡುತ್ತೇನೆ. ಗಾಲಿಯನ್ನು ಬೆರಳಿನಿಂದ ತಿರುಗಿಸಿ ಅದರ ಸದ್ದು ಕೇಳುತ್ತೇನೆ. ಕೊನೆಗೆ ತಂತಿ, ಬಟ್ಟೆ.

ಫೆಬ್ರವರಿಯ ಅಮಾವಾಸ್ಯೆಗೆ ಬಟ್ಟೆ ಹಿಡಿಯಿತು.

ಗಾಲಿಯ ಮೇಲೆ ಬಾಗುವ ಜಾಗದಲ್ಲೇ ಹಿಡಿಯಿತು. ಹಿಂದಕ್ಕೆ ಎಳೆದು ಮತ್ತೆ ನೋಡಿದೆ. ಒಂದು ಗೇಣಿನೊಳಗೆ ನಾಲ್ಕು ಕಡೆ. ಅದರ ಮುಂದಿನ ಭಾನುವಾರ ದೋಣಿಯನ್ನು ಪೈಠಣದ ದೊಡ್ಡ ಹಿನ್ನೀರಿಗೆ ಒಯ್ಯುವುದು ಎಂದು ಸಾವ್ಕಾರರು ಆಗಲೇ ನಿಶ್ಚಯಿಸಿದ್ದರು. ಸಂಭಾಜಿನಗರದಲ್ಲಿರುವ ಬೀಗರಿಗೆ ದೋಣಿ ತೋರಿಸಬೇಕಿತ್ತು. ಮಾಮಾನಿಗೆ ಫೋನ್ ಮಾಡಿ ಹೊಸ ತಂತಿಗೆ ಹೇಳಿ, ಆಮೇಲೆ ಸಾವ್ಕಾರರನ್ನು ಕರೆದು ಮುರಿದ ಎಳೆಗಳನ್ನು ತೋರಿಸಿದೆ.

ಅವರು ಕನ್ನಡಕ ಏರಿಸಿ ನೋಡಿದರು. “ನಾಕು ಎಳಿ ಮುರದ್ರ ಏನಾತು? ಇನ್ನೂ ನೂರ ಅವ. ಬಂದ ಮ್ಯಾಲ ಬದಲಿ ಮಾಡಮು.”

“ಆಗಂಗಿಲ್ರಿ.”

“ಅಲ್ಲವ್ವಾ, ಇದೇನ್ ಬಾವಿ ಅದ ಏನು? ಬೋಟ್ ಅದ. ತಂತಿ ಕಡದ್ರ ಹಲಗಿ ನೀರಾಗ ಇಳೀತದ, ಅಷ್ಟೇ. ಮಂದಿ ಏನ್ ಅದರ ಕೆಳಗ ನಿಂತಿರ್ತಾರ?”

“ಹ್ಯಾಂಡಲ್ ಹಿಡದಿದ್ದ ಕೈ ಯಾರದ್ರಿ? ತಂತಿ ಕಡದ್ರ ಅದು ಗಿರ್ ಅಂತ ತಿರುಗಿ ನನ್ನ ಹಲ್ಲಿಗಿ ಬರ್ತದ.”

“ನಿಮ್ಮ ಮಾಮಾನ ಅಮಾಸಿ ನನ್ನ ಬೋಟಿಗೂ ಹಚ್ಚಲತ್ತಿ ನೋಡು ನೀ. ನಾಳೆ ನಿಂಬಿಹಣ್ಣು ಕಟ್ತಿ.”

“ನಿಂಬಿಹಣ್ಣು ನೀವ ಕಟ್ಟೀರಿ,” ಎಂದು ಹಾಯಿಗಂಬಕ್ಕೆ ಅವರೇ ಕಟ್ಟಿಸಿದ್ದ ನಿಂಬೆಹಣ್ಣು, ಮೆಣಸಿನಕಾಯಿಗಳನ್ನು ತೋರಿಸಿದೆ.

ಅವರು ನಗಲಿಲ್ಲ. “ಹಂಗಾದ್ರ ಬೋಲ್ಟು ಹಾಕಮು. ಇದೇ ಹೊತ್ತು ಛಲೋ ಅದ,” ಎಂದು ಫೋನ್ ತೆಗೆದು ಡ್ರಿಲ್ಲಿನವನ ನಂಬರ್ ಹುಡುಕತೊಡಗಿದರು.

ಅವರು ಫೋನ್ ಮೇಲಿಂದ ಕಣ್ಣು ತೆಗೆಯುವುದರೊಳಗೆ ನಾನು ಚೀಲದಿಂದ ಕಟ್ಟರ್ ತೆಗೆದು ತಂತಿಯನ್ನು ಎರಡು ತುಂಡು ಮಾಡಿದ್ದೆ. ಯಾರಿಯವರು ಮಾಡುವ ಹಾಗೆ, ಅಲ್ಲೇ. ಆ ಸದ್ದಿಗೆ ಅವರು ತಲೆ ಎತ್ತಿದರು. ನಾನು ತುಂಡುಗಳನ್ನು ಸುತ್ತಿ ಅವರ ಕಾಲ ಬಳಿ ಇಟ್ಟೆ.

“ಹೊಸಾದು ಹಾಕ್ತೀನಿ. ಭಾನುವಾರ ಪೈಠಣಕ್ಕ ಹೋಗಮು. ಎತ್ತಿ ಇಳಸಿ ತೋರಸ್ತೀನಿ. ಅಲ್ಲಿ ತನ ಬೋಲ್ಟಿನ ಮಾತು ಬ್ಯಾಡ್ರಿ.”

ಸಾವ್ಕಾರರು ತುಂಡುಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ಆಮೇಲೆ, “ನನ್ನ ಸ್ವಂತ ಮಗಾ ಸುದ್ದಾ ನನ್ನ ಮಾಲು ಹಿಂಗ್ ಕಡ್ದಿಲ್ಲ,” ಎಂದಷ್ಟೇ ಹೇಳಿ ಜೀಪು ಹತ್ತಿದರು. ಹತ್ತುವಾಗ, ತಮ್ಮ ಅಂಗಡಿಯಲ್ಲೇ ತಂತಿ ಇದೆ, ದೋಣಿಯ ಪುಸ್ತಕದಲ್ಲಿ ಆರು ಮಿಲಿಮೀಟರ್ ಎಂದಿದೆ, ಅದೇ ತಗೋ ಎಂದರು. ಮಾಮಾನಿಗೆ ಹೇಳಿಯಾಗಿದೆ, ಅವರೇ ತರುತ್ತಾರೆ ಎಂದೆ. ಅಂಗಡಿಯ ತಂತಿ ಬೇಡವೆಂದದ್ದರಲ್ಲಿ ಸ್ವಲ್ಪ ಹಟವೂ ಇತ್ತು.

ಮಾಮಾ ಶನಿವಾರ ಬೆಳಿಗ್ಗೆ ಸಂಭಾಜಿನಗರದಿಂದ ಬಸ್ಸಿನಲ್ಲಿ ಬಂದರು. ಹೆಗಲ ಮೇಲೆ ತಂತಿಯ ಸುರುಳಿ, ಅದಕ್ಕೆ ಹೊಸ ಟವೆಲ್ಲು ಸುತ್ತಿತ್ತು. ದಪ್ಪ ಅಳೆಯುವ ವರ್ನಿಯರ್ ಹಚ್ಚಿ ನೋಡಿದೆ. ಎಂಟು ಮಿಲಿಮೀಟರ್.

“ಮಾಮಾ, ಆರು ಅಂತ ಹೇಳಿದ್ನಲ್ಲ.”

“ಆರು ನೋಡಿದೆ. ದಾರದ ಹಂಗ ಇತ್ತು. ಅದರ ಮ್ಯಾಲ ನಮ್ಮ ಸೊಸಿ ಜೀವ ಬಿಡ್ಲೇನು? ದಪ್ಪ ಇದ್ರ ಯಾರಿಗಿ ಲುಕ್ಸಾನ? ಬಾವಿ ಕೆಲಸದಾಗ ಒಂದು ಮಾತು ತಿಳ್ಕೊ, ಹಗ್ಗ ದಪ್ಪ ಆತು ಅಂತ ಯಾರೂ ಸತ್ತಿಲ್ಲ.”

ಅದನ್ನೇ ಹಾಕಿದೆವು. ಮಾಮಾ ತುದಿಯನ್ನು ಕುಣಿಕೆ ಮಡಚಿ ಮೂರು ಕ್ಲಾಂಪು ಬಿಗಿದರು, ಒಂದೊಂದಕ್ಕೂ ನಮಸ್ಕಾರ ಮಾಡಿದರು. ದಂಡೆಯ ಬಳಿ ಆಳ ನೀರಿನಲ್ಲಿ ಒಂದು ಸಲ ಇಳಿಸಿ ಎತ್ತಿದೆವು. ನಲವತ್ತೆರಡಕ್ಕೆ ಬದಲು ಮೂವತ್ತೆಂಟೇ ಸುತ್ತು ಬಂತು. ದಪ್ಪ ತಂತಿ ಸುತ್ತಿಕೊಂಡು ವಿಂಚಿನ ಉರುಳೆ ದೊಡ್ಡದಾಗುತ್ತದೆ, ಅದಕ್ಕೇ ಇರಬೇಕು ಎಂದುಕೊಂಡೆ. ಹ್ಯಾಂಡಲ್ ಬಿಗಿಯಾಗಿತ್ತು. ಹೊಸದು, ಒಗ್ಗುತ್ತದೆ ಎಂದರು ಮಾಮಾ. ಸಾವ್ಕಾರರು ದೂರ ನಿಂತು ನೋಡಿದರು.

ಪೈಠಣದ ಹಿನ್ನೀರು ಸಮುದ್ರದಂತೆ ಅಗಲ, ಆದರೆ ಅಂಚಿನಲ್ಲಿ ತಟ್ಟೆಯಂತೆ ಆಳವಿಲ್ಲ. ನೀರು ಹಿಂದೆ ಸರಿದ ಕಡೆಯಲ್ಲೆಲ್ಲ ಕಪ್ಪು ಮಣ್ಣು. ಅಲ್ಲಿ ಜನ ಆಗಲೇ ಕಲ್ಲಂಗಡಿಗೆ ಗುಂಡಿ ತೋಡುತ್ತಿದ್ದರು. ಬೀಗರು ಮನೆಯವರೊಂದಿಗೆ ದಂಡೆಯ ಮೇಲೆ ಜಮಖಾನೆ ಹಾಸಿ ಕೂತಿದ್ದರು. ಆಳ ಸಿಕ್ಕ ಮೇಲೆ ಕೀಲ್ ಇಳಿಸಿದೆ, ಹಾಯಿ ಬಿಚ್ಚಿದೆವು, ಒಳ್ಳೆಯ ಗಾಳಿಯಿತ್ತು. ಸಾವ್ಕಾರರು ಮೊದಲ ಬಾರಿಗೆ ಹೋಗುವ ಅರ್ಧ ದಾರಿಯಲ್ಲೇ ಚುಕ್ಕಾಣಿಯನ್ನು ನನಗೆ ಬಿಟ್ಟರು. ಮಾಮಾ ಲೈಫ್ ಜಾಕೆಟ್ ಮೇಲೆ ಇನ್ನೊಂದು ಲೈಫ್ ಜಾಕೆಟ್ ಹಾಕಿಕೊಂಡು, ಎರಡೂ ಕೈಯಿಂದ ಹಾಯಿಗಂಬ ಹಿಡಿದು, ದೇವರ ಹೆಸರು ಹೇಳುತ್ತ ಕೂತಿದ್ದರು.

ಮರಳಿ ದಂಡೆಗೆ ಬರುವಾಗ ಕೀಲ್ ಎತ್ತಲು ಕ್ಯಾಬಿನ್ನಿಗೆ ಇಳಿದೆ. ಹತ್ತು, ಹದಿನೈದು, ಹತ್ತೊಂಬತ್ತು. ಹತ್ತೊಂಬತ್ತರಲ್ಲಿ ಒಳಗೆ ಟಕ್ ಎಂದಿತು. ಹ್ಯಾಂಡಲ್ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ದಪ್ಪ ತಂತಿ ಪುಟ್ಟ ಗಾಲಿಯ ಮೇಲೆ ಬಾಗಲಾರದೆ ಮೇಲೆದ್ದು, ಗಾಲಿಯಿಂದ ಹಾರಿ, ಗಾಲಿಗೂ ಅದರ ಪಕ್ಕದ ತಗಡಿಗೂ ನಡುವೆ ಬೆಣೆಯಂತೆ ಸಿಕ್ಕಿತ್ತು. ಯಾರಿಯ ಗಾಲಿ ಎತ್ತಿನ ಬಂಡಿಯ ಚಕ್ರದಷ್ಟಿರುತ್ತದೆ, ಎಂಥ ತಂತಿಯೂ ಅದರ ಮೇಲೆ ಬಾಗುತ್ತದೆ. ಇದು ಅಂಗೈಯಷ್ಟರದು.

ಮಾಮಾ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. “ಈ ಗಾಲಿ ಮಾಡ್ದವ ಜಿಪುಣ ಇದ್ದಾನ ನೋಡು,” ಎಂದರು.

ಕೀಲ್ ಅರ್ಧ ಇಳಿದೇ ಉಳಿಯಿತು. ಟ್ರೇಲರ್ ಇದ್ದ ಕಡೆ ಮೊಣಕಾಲಷ್ಟು ನೀರು. ದೋಣಿ ಅಲ್ಲಿಗೆ ಬರುವ ಮೊದಲೇ ಕೀಲ್‌ನ ತುದಿ ಮಣ್ಣಿಗೆ ತಾಗಿ ನಿಂತಿತು. ದಂಡೆಯಿಂದ ಬೀಗರು ಕೈ ಬೀಸಿ ಊಟಕ್ಕೆ ಕರೆಯುತ್ತಿದ್ದರು. ಬಲೆ ಬಿಡಿಸುತ್ತ ಕೂತಿದ್ದ ಮೀನುಗಾರನೊಬ್ಬ ಮರಾಠಿಯಲ್ಲಿ ಕೂಗಿದ: “ಏನ್ ಕಾಕಾ, ನೇಗಿಲು ಹೂಡಲಿಕ್ಕೆ ಬಂದಿರಾ? ಆಚೆ ನಮ್ಮ ಕಲ್ಲಂಗಡಿ ಪಟ್ಟಿ ಅದ, ಅಲ್ಲಿಗೂ ಎರಡು ಸಾಲು ಹೊಡೀರಿ!” ಅವನ ಜೊತೆಯವರೆಲ್ಲ ನಕ್ಕರು. ಸಾವ್ಕಾರರ ಮುಖ ಕೆಂಪಾಯಿತು.

“ಆತಲ್ಲ?” ಎಂದರು ನನಗೆ. “ತೋರಿಸಿದಿ? ಈಗ ಜೆಸಿಬಿ ತರ್ಸಿ ಎಳಸ್ತೀನಿ. ನಾಸಿಕಕ್ಕ ಹೋದ ಕೂಡ್ಲೆ ಬೋಲ್ಟು.”

“ಜೆಸಿಬಿ ಎಳದ್ರ ಗೂಟ ಡೊಂಕಾಗ್ತದ್ರಿ. ಆಮ್ಯಾಲ ಬೋಲ್ಟು ಹಾಕ್ಲಿಕ್ಕೂ ಕೀಲ್ ಉಳಿಯಂಗಿಲ್ಲ.”

“ಮತ್ತೇನ್ ಮಾಡ್ತಿ?”

ನಾನು ಮಾಮಾನ ಕಡೆ ನೋಡಿದೆ. ಕಲ್ಲು ತುಂಬಿದ ಬುಟ್ಟಿ ಬಾವಿಯ ಗೋಡೆಗೆ ಸಿಕ್ಕಿಕೊಂಡರೆ ಯಾರಿಯವರು ಮೇಲಿಂದ ಎಳೆಯುವುದಿಲ್ಲ. ಎಳೆದಷ್ಟೂ ಬಿಗಿಯಾಗುತ್ತದೆ. ಮೊದಲು ಕೆಳಗಿನಿಂದ ಆಸರೆ ಕೊಟ್ಟು ಭಾರವನ್ನು ತಂತಿಯಿಂದ ಬಿಡಿಸುತ್ತಾರೆ. ಅದನ್ನು ಸಣ್ಣವಳಿದ್ದಾಗ ಬಾವಿಯ ಅಂಚಿನಲ್ಲಿ ಕೂತು ಎಷ್ಟೋ ಸಲ ನೋಡಿದ್ದೆ.

“ಮಾಮಾ, ವಜ್ಜಿ ಕೆಳಗ ಟೇಕು ಕೊಡಬೇಕು,” ಎಂದೆ.

ಮಾಮಾ ಸುತ್ತಲೂ ನೀರು ನೋಡಿದರು. “ಇಲ್ಲಿ ಟೇಕು ಎಲ್ಲಿಂದ ತರ್ತಿ?”

“ಮಣ್ಣೇ ಟೇಕು.”

ಕೀಲ್ ಮುಂದಿನ ತುದಿಯಲ್ಲಿ ತಿರುಗುತ್ತದೆ. ದೋಣಿಯನ್ನು ಮುಂದಕ್ಕೆ, ದಂಡೆಯತ್ತ ನೂಕಿದರೆ, ಏರುವ ಮಣ್ಣು ಕೀಲ್‌ನ ಬಾಲವನ್ನು ತಾನೇ ಹಿಂದಕ್ಕೆ, ಮೇಲಕ್ಕೆ ಒತ್ತುತ್ತದೆ. ಇಷ್ಟು ಹೇಳುವುದರೊಳಗೆ ಮಾಮಾನ ಮುಖ ಬೆಳಗಿತು. ಎರಡು ಲೈಫ್ ಜಾಕೆಟ್ಟಿನೊಡನೆಯೇ ಅವರು ಸೊಂಟದುದ್ದ ನೀರಿಗೆ ಇಳಿದರು. ಜನ್ಮದಲ್ಲಿ ಮೊದಲ ಸಲ ನೀರಿದ್ದ ಕಡೆ ಕೆಲಸಕ್ಕೆ ಇಳಿದದ್ದು ಎಂದು ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದರು. ಸಾವ್ಕಾರರು ಪ್ಯಾಂಟು ಸಮೇತ ಇಳಿದರು. ಮೀನುಗಾರರನ್ನು ನಾನೇ ಕರೆದೆ: “ದಾದಾ, ನೇಗಿಲು ನಮ್ಮದು, ಎತ್ತು ಕಡಿಮೆ ಬಿದ್ದಿವೆ, ಬನ್ನಿ!” ಮೂವರು ನಗುತ್ತ ಬಂದರು.

ಅವರು ಹಿಂದಿನಿಂದ ನೂಕಿದರು. ನಾನು ಕ್ಯಾಬಿನ್ನಿನಲ್ಲಿ ಬೋರಲು ಮಲಗಿ ಪೆಟ್ಟಿಗೆಯೊಳಗೆ ಕೈಯಿಟ್ಟು ತಂತಿಯನ್ನು ಮುಟ್ಟಿಕೊಂಡಿದ್ದೆ. ವೀಣೆಯ ತಂತಿಯಂತೆ ಬಿಗಿದಿದ್ದ ಅದು ಒಂದೊಂದು ನೂಕಿಗೂ ಸಡಿಲವಾಗುತ್ತ ಬಂತು. ಕೊನೆಗೆ ಜೋತು ಬಿದ್ದಿತು. ಕೀಲ್‌ನ ಬಾಲ ಕಪ್ಪು ಮಣ್ಣು ಮೆತ್ತಿಕೊಂಡು ಪೆಟ್ಟಿಗೆಯೊಳಗೆ ಮೇಲೆ ಬಂದು ನಿಂತಿತು. ಎತ್ತಿದ ಕೀಲ್ ಜಾರದಂತೆ ಹಿಡಿಯುವ ಅಡ್ಡ ಪಿನ್ನು ಹಾಕಿದೆ. ಈಗ ಭಾರವೆಲ್ಲ ಪಿನ್ನಿನ ಮೇಲೆ, ತಂತಿಯ ಮೇಲೆ ಏನೂ ಇಲ್ಲ. ಗಾಲಿಯ ಅಚ್ಚು ಬಿಚ್ಚಿ ತಂತಿಯನ್ನು ಎಳೆದು ತೆಗೆದೆ. ಸಿಕ್ಕಿದ ಜಾಗದಲ್ಲಿ ಅದು ಜಜ್ಜಿಹೋಗಿತ್ತು. ಮಾಮಾ ಅದನ್ನು ಕೈಯಲ್ಲಿ ಹಿಡಿದು ನೋಡಿ, ತಾವೇ ಕಟ್ಟರ್ ಕೇಳಿ ಪಡೆದು, ಕಡಿದರು.

“ಛಲೋ ಆತು,” ಎಂದರು ಸಾವ್ಕಾರರು. “ಪಿನ್ ಅದ. ಟ್ರೇಲರ್‌ಗೆ ಹತ್ತಸ್ರಿ, ಊಟ ಮಾಡಿ ಮನೀಗಿ ಹೋಗಮು.”

“ಇಲ್ರಿ. ಎತ್ತಿ ಇಳಸಿ ತೋರಸ್ತೀನಿ ಅಂದೀನಿ. ತೋರಿಸೇ ಬರ್ತೀನಿ.”

“ತಂತಿ ಎಲ್ಲದ?”

“ಪೈಠಣದಾಗ ಹುಡುಕ್ತೀನಿ. ಇವತ್ತ ಸಿಗ್ಲಿಲ್ಲ ಅಂದ್ರ ನಾಳಿ. ನೀವು ಬೀಗರ ಮನ್ಯಾಗ ಮಲಗ್ರಿ, ನಾ ಬೋಟಿನಾಗ ಮಲಗ್ತೀನಿ. ನಾಳಿ ಕಾರ್ಖಾನಿಗಿ ಏನ್ ಹೇಳಬೇಕೋ ನಾ ಹೇಳ್ತೀನಿ.”

ಸಾವ್ಕಾರರು ಮಾಮಾನ ಕಡೆ ತಿರುಗಿದರು. “ಇದು ಯಾರ ಬುದ್ಧಿ? ನಿಮ್ಮ ಅಕ್ಕಂದೋ, ನಿಮ್ದೋ?”

“ನಮ್ಮವ್ವಂದು,” ಎಂದರು ಮಾಮಾ. “ನಾವು ಇದರಾಗ ಯಾರೂ ಪಾಲು ಕೇಳಂಗಿಲ್ಲ.”

ಸಾವ್ಕಾರರು ಕೆಸರು ಕಾಲಿನಲ್ಲೇ ಜೀಪಿನ ತನಕ ಹೋಗಿ, ಹಿಂದಿನ ಸೀಟಿನ ಕೆಳಗೆ ಕೈಹಾಕಿ, ಒಂದು ಸುರುಳಿ ತಂದು ನನ್ನ ಮುಂದೆ ಇಟ್ಟರು. ಅವರ ಅಂಗಡಿಯ ಚೀಟಿ ಇನ್ನೂ ಅಂಟಿತ್ತು. ಆರು ಮಿಲಿಮೀಟರ್. ಶನಿವಾರವೇ ಇಟ್ಟುಕೊಂಡಿದ್ದರಂತೆ.

“ಹೇಳಬಾರದಿತ್ತೇನ್ರಿ?”

“ಹೇಳಿದ್ನಲ್ಲ. ಕೇಳ್ದಿ ಏನು? ನಿಮ್ಮ ಮಾಮಾ ಕ್ಲಾಂಪಿಗಿ ಕೈ ಮುಗೀಲತ್ತಿದ್ದ, ನಡಕ್ಕ ನಾ ಯಾಕ ಬಾಯಿ ಹಾಕ್ಲಿ?”

ಮಾಮಾ ನೆಲ ನೋಡುತ್ತ ಆ ದಾರದಂಥ ತಂತಿಯನ್ನು ಬೆರಳುಗಳ ನಡುವೆ ಎಳೆದರು. ಅದಕ್ಕೂ ಕುಣಿಕೆ ಮಡಚಿದರು, ಅದಕ್ಕೂ ಮೂರು ಕ್ಲಾಂಪು. ನಮಸ್ಕಾರ ಮಾತ್ರ ಈ ಸಲ ಸಾವ್ಕಾರರಿಗೆ ಕಾಣದಂತೆ ಮಾಡಿದರು.

ದೋಣಿಯನ್ನು ಮತ್ತೆ ಆಳಕ್ಕೆ ನೂಕಿದೆವು. ಪಿನ್ನು ತೆಗೆದು ಇಳಿಸಿದೆ, ಎತ್ತಿದೆ. ಮತ್ತೆ ಇಳಿಸಿದೆ, ಎತ್ತಿದೆ. ಎರಡು ಸಲವೂ ನಲವತ್ತೆರಡು. ಎರಡನೇ ಸಲ ಸುತ್ತುಗಳನ್ನು ಗಟ್ಟಿಯಾಗಿ ಎಣಿಸಿದೆ, ದಂಡೆಯ ತನಕ ಕೇಳಲಿ ಎಂದು. ಮೀನುಗಾರರೂ ನನ್ನ ಜೊತೆ ಮರಾಠಿಯಲ್ಲಿ ಎಣಿಸಿದರು.

ಇಷ್ಟಾದ ಮೇಲೂ ಮುಂದಿನ ಭಾನುವಾರ ಗಂಗಾಪುರದ ದಂಡೆಗೆ ಸಾವ್ಕಾರರು ಬೋಲ್ಟುಗಳನ್ನು ತಂದರು. ಹೊಚ್ಚ ಹೊಸವು, ಹೆಬ್ಬೆರಳಿಗಿಂತ ದಪ್ಪ, ಕಾಗದದಲ್ಲಿ ಸುತ್ತಿದ್ದವು. ಡ್ರಿಲ್ಲಿನವನು ಬಂದಿರಲಿಲ್ಲ, ಅವರೊಬ್ಬರೇ.

“ಕೆಲಸ ಛಲೋ ಮಾಡಿದಿ,” ಎಂದರು. “ಅದರ ಮಾತಲ್ಲ. ನನ್ನ ಭುಜ ಏಳಂಗಿಲ್ಲ. ಹ್ಯಾಂಡಲ್ ಹತ್ತು ಸುತ್ತು ಆಗೋದ್ರಾಗ ಕೈ ಸೋಲ್ತದ. ನೀ ಇವತ್ತು ಇದ್ದಿ. ನಾಳಿಗಿ ಪುಣೆದಾಗ ನೌಕರಿ ಸಿಗ್ತದ, ಇಲ್ಲಂದ್ರ ನಿಮ್ಮಪ್ಪ ಎಲ್ಲ್ಯಾರ ಕೊಟ್ಟು ಮದಿವಿ ಮಾಡ್ತಾನ. ಆಗ ನಡು ನೀರಾಗ ನಾ ಒಬ್ಬ ಈ ಹಲಗಿ ಕೂಡ ಏನ್ ಮಾಡ್ಲಿ?”

ಅವರ ಭಯ ಇಷ್ಟು ದಿನ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನನ್ನ ಮನಸ್ಸು ಮೆತ್ತಗಾಗಲಿಲ್ಲ. ಅವರ ಭುಜಕ್ಕೆ ಮದ್ದು ಬೇಕು, ಒಪ್ಪುತ್ತೇನೆ. ಆ ಮದ್ದು ನನ್ನನ್ನು ಗೇಟಿನ ಹೊರಗೆ ಹಾಕುವುದಲ್ಲ.

ಕೊರಳಿನ ಪಾಸು ತೆಗೆದು ಬೋಲ್ಟುಗಳ ಪಕ್ಕದಲ್ಲಿ ಇಟ್ಟೆ.

“ಬೋಲ್ಟು ಹಾಕ್ರಿ. ಬೋಟ್ ನಿಮ್ದು. ಆದ್ರ ಇದರ ಮ್ಯಾಲಿನ ಮೆಕ್ಯಾನಿಕ್ ಹೊಡದು ಹಾಕಿ ಖಲಾಸಿ ಅಂತ ಬರಸ್ರಿ. ನಿಮ್ಮ ಕೂಡ ಹಾಯಿ ಹಿಡೀಲಿಕ್ಕ ಬರಾಕಿ. ಹಲಗಿ ಇರ್ಲಿ ಬಿಡ್ಲಿ, ನಾ ಬರ್ತೀನಿ.”

“ಬೋಲ್ಟು ಹಾಕಿದ ಮ್ಯಾಲ ಖಲಾಸಿ ಯಾಕ ಬೇಕು?”

“ನಿಮ್ಮ ಭುಜ ಏಳಂಗಿಲ್ಲಲ್ರಿ. ಹಾಯಿ ಯಾರ ಎಳೀತಾರ, ಬೋಲ್ಟು ಎಳೀತದೇನು?”

ಅವರು ಒಂದು ಬೋಲ್ಟನ್ನು ಎತ್ತಿ, ಮತ್ತೆ ಕಾಗದದ ಮೇಲಿಟ್ಟರು.

“ಮದಿವಿ ಮಾತು,” ಎಂದೆ, “ಅದು ಆದಾಗ ನೋಡಮು. ಹೋಗೋಕ್ಕಿಂತ ಮೊದಲ ಇನ್ನೊಬ್ಬರಿಗಿ ಕಲಿಸಿ ಹೋಗ್ತೀನಿ. ಇವತ್ತಂತೂ ಎಲ್ಲೂ ಹೋಗಂಗಿಲ್ಲ.”

ಸಾವ್ಕಾರರು ಪಾಸನ್ನು ತೆಗೆದುಕೊಂಡು ಗೇಟಿನ ಕಡೆ ನಡೆದರು. ಗೇಟಿನವನ ಜೊತೆ ಏನೋ ವಾದ ನಡೆಯಿತು. ಖಲಾಸಿ ಎಂಬ ವರ್ಗವೇ ತಮ್ಮಲ್ಲಿಲ್ಲ ಎಂದು ಅವನು ಹೇಳಿದ್ದು ನನಗೂ ಕೇಳಿಸಿತು. “ಇಲ್ಲಂದ್ರ ಇವತ್ತಿಂದ ಅದ,” ಎಂದು ಸಾವ್ಕಾರರು ಅವನಿಗೆ ಕನ್ನಡದಲ್ಲೇ ಗದರಿದರು. ಮರಳಿ ಬಂದಾಗ ಪಾಸಿನ ಮೇಲೆ ‘ಮೆಕ್ಯಾನಿಕ್’ ಹಾಗೇ ಇತ್ತು. ಅದರ ಕೆಳಗೆ ಬಾಲ್‌ಪೆನ್ನಿನಲ್ಲಿ, ದೇವನಾಗರಿಯಲ್ಲಿ, ‘ಖಲಾಸಿ’ ಎಂದು ಸೇರಿತ್ತು.

“ಎರಡೂ ಇರ್ಲಿ,” ಎಂದರು. “ಎಳಿ ಮತ್ತ ಹಾಯಿ. ಗಾಳಿ ಹೊಂಟದ.”

ಬೋಲ್ಟುಗಳು ಈಗ ನನ್ನ ಸಾಮಾನಿನ ಚೀಲದಲ್ಲಿವೆ. ಸಾವ್ಕಾರರು ಮರಳಿ ಕೇಳಿಲ್ಲ, ನಾನು ಕೊಟ್ಟಿಲ್ಲ. ಪ್ರತಿ ಅಮಾವಾಸ್ಯೆಗೆ ಪೆಟ್ಟಿಗೆ ಕೆರೆದು, ಗಾಲಿ ತಿರುಗಿಸಿ, ತಂತಿಯ ಮೇಲೆ ಧೋತರದ ತುಂಡು ಎಳೆದ ಮೇಲೆ, ಅದೇ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಆ ಬೋಲ್ಟುಗಳನ್ನೂ ಒರೆಸಿಡುತ್ತೇನೆ. ಯಾವತ್ತಾದರೂ ಅವರು ಹಾಕಲೇಬೇಕು ಎಂದರೆ ತುಕ್ಕು ಹಿಡಿದಿದೆ ಎಂಬ ನೆಪ ಹೇಳುವವಳು ನಾನಲ್ಲ. ಬೋಲ್ಟು ಹೊಳೆಯುತ್ತಿರಲಿ. ಅದರ ಎದುರಿಗೇ ಕೀಲ್ ಎತ್ತುತ್ತೇನೆ, ನಲವತ್ತೆರಡು ಸುತ್ತು, ಗಟ್ಟಿಯಾಗಿ ಎಣಿಸುತ್ತ.